ರಾಷ್ಟ್ರೀಯ ಉದ್ಯಾನದಲ್ಲಿ ಕಟ್ಟಡ: ಗೆರೆ ಎಳೆಯುವ ಮೊದಲಿನಿಂದ ಬೀಗದ ಕೈ ಕೊಡುವವರೆಗೆ

ಪೇಟೆಯಲ್ಲಿ ಕಟ್ಟಡ ಕಟ್ಟುವಾಗ ಅದು ನಾಲ್ಕು ಜನರ ಕಣ್ಣಿಗೆ ಬೀಳಬೇಕು ಅಂತ ಆಸೆ ಇರುತ್ತದೆ. ರಾಷ್ಟ್ರೀಯ ಉದ್ಯಾನದಲ್ಲಿ ಆ ಆಸೆಯನ್ನು ಗೇಟಿನ ಹೊರಗೇ ಬಿಟ್ಟು ಬರಬೇಕು. ಜನ ಅಲ್ಲಿಗೆ ಬರುವುದು ಕಣಿವೆ ನೋಡಲು, ಹಿಮದ ಬೆಟ್ಟ ನೋಡಲು, ಕಾಡುಪ್ರಾಣಿ ಕಂಡರೆ ಪುಣ್ಯ ಅಂತ ಕಾಯಲು. ನಿಮ್ಮ ಕಟ್ಟಡಕ್ಕೆ ಬಂದರೆ, ಬಹುತೇಕ ಟಾಯ್ಲೆಟ್ ಹುಡುಕಿಕೊಂಡೇ ಬರುತ್ತಾರೆ. ತಮಾಷೆಗೆ ಹೇಳುತ್ತಿಲ್ಲ, ಮುಂದೆ ಟಾಯ್ಲೆಟ್‌ಗೆ ಇಲ್ಲಿ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಈ ಕೆಲಸದ ಮೂಲ ನಿಯಮ ಹಳೆಯದು. ಅಮೆರಿಕದಲ್ಲಿ ರಾಷ್ಟ್ರೀಯ ಉದ್ಯಾನ ಸೇವೆ ಶುರುವಾದದ್ದು 1916ರಲ್ಲಿ. ಎರಡು ವರ್ಷಕ್ಕೆ, 1918ರ ಮೇ 13ರಂದು, ಸಚಿವ ಫ್ರ್ಯಾಂಕ್ಲಿನ್ ಲೇನ್ ಅದರ ನಿರ್ದೇಶಕ ಸ್ಟೀಫನ್ ಮೇದರ್‌ಗೆ ಒಂದು ಪತ್ರ ಬರೆದರು. ರಸ್ತೆ, ಕಾಲುಹಾದಿ, ಕಟ್ಟಡ ಏನೇ ಮಾಡಿದರೂ ಅದು ಸುತ್ತಲಿನ ನೆಲಕ್ಕೆ ಹೊಂದಿಕೊಳ್ಳಬೇಕು ಅನ್ನುವುದು ಅದರಲ್ಲಿದ್ದ ಒಂದು ಸೂಚನೆ. ಕೇಳಲು ಸುಲಭ. ಮಾಡಲು ಹೊರಟಾಗ ಮಣ್ಣು, ಹಿಮ, ಇಲಿ, ಗೂಬೆ, ಕರಡಿ ಎಲ್ಲ ಅಡ್ಡ ಬರುತ್ತವೆ.

ನೀವು ವಾಸ್ತುಶಿಲ್ಪ ಓದುತ್ತಿರಬಹುದು, ಅಥವಾ ಇಂಥ ಒಂದು ಕೆಲಸ ಈಗಷ್ಟೇ ಕೈಗೆ ಬಂದಿರಬಹುದು. ಯಾವ ಕ್ರಮದಲ್ಲಿ ಯೋಚಿಸಬೇಕು, ಹಿಂದಿನವರು ಎಲ್ಲಿ ಗೆದ್ದರು, ಎಲ್ಲಿ ಎಡವಿದರು ಅನ್ನುವುದನ್ನು ಹೇಳುತ್ತಾ ಹೋಗುತ್ತೇನೆ.

ಹೆಜ್ಜೆ 1: ಕಟ್ಟಡ ಬೇಕೇ ಬೇಕಾ ಅಂತ ಕೇಳಿ

ಕೆಲಸ ಕೊಟ್ಟವರ ಪಟ್ಟಿಯಲ್ಲಿ ಇಷ್ಟು ಚದರ ಅಡಿ ಪ್ರದರ್ಶನ ಕೋಣೆ, ಇಷ್ಟು ಚದರ ಅಡಿ ಸಭಾಂಗಣ ಅಂತ ಬರೆದಿರುತ್ತದೆ. ಅದನ್ನು ಹಾಗೇ ಒಪ್ಪಿಕೊಳ್ಳಬೇಡಿ. ಒಂದೊಂದು ಸಾಲಿಗೂ ಮೂರು ಪ್ರಶ್ನೆ ಹಾಕಿ. ಇದು ಇಲ್ಲದೆ ನಡೆಯುತ್ತದಾ? ಚಾವಣಿ ಇದ್ದರೆ ಸಾಕಾ, ಗೋಡೆಯೂ ಬೇಕಾ? ಉದ್ಯಾನದ ಗಡಿಯ ಹೊರಗಿದ್ದರೆ ಆಗುತ್ತದಾ?

ಯೂಟಾ ರಾಜ್ಯದ ಜಯಾನ್ ಉದ್ಯಾನದಲ್ಲಿ 2000ದಲ್ಲಿ ತೆರೆದ ಸಂದರ್ಶಕರ ಕೇಂದ್ರ ಇದಕ್ಕೆ ಒಳ್ಳೆಯ ಪಾಠ. ಅಲ್ಲಿ ಪ್ರದರ್ಶನದ ಬಹುಪಾಲನ್ನು ಹೊರಗೆ, ಮರದ ನೆರಳಿಗೆ, ಚಪ್ಪರದ ಕೆಳಗೆ ತಂದರು. ಹಾಗಾಗಿ ಕಟ್ಟಡವೇ ಚಿಕ್ಕದಾಯಿತು. ಚಿಕ್ಕದಾದ ಮೇಲೆ ತಂಪು ಮಾಡುವ ಖರ್ಚು, ಬಿಸಿ ಮಾಡುವ ಖರ್ಚು, ಗುಡಿಸುವ ಖರ್ಚು ಎಲ್ಲ ಇಳಿಯಿತು. ಕಟ್ಟದೇ ಬಿಟ್ಟ ಕೋಣೆ ಎಂದೂ ಸೋರುವುದಿಲ್ಲ, ಅಲ್ವಾ?

ಗಡಿಯ ಹೊರಗೆ ಅನ್ನುವ ಪ್ರಶ್ನೆಗೆ ನಾರ್ವೆಯಲ್ಲಿ ಚೆಂದದ ಉತ್ತರ ಸಿಗುತ್ತದೆ. ಡೊವ್ರೆಫ್ಯೆಲ್ ಉದ್ಯಾನದ ಅಂಚಿನಲ್ಲಿ ಕಾಡು ಹಿಮಸಾರಂಗ ನೋಡಲು 2011ರಲ್ಲಿ ಕಟ್ಟಿದ ತಂಗುದಾಣವೊಂದಿದೆ. ಸುಮಾರು 90 ಚದರ ಮೀಟರ್, ಅಷ್ಟೇ. ಹೊರಗೆ ಉಕ್ಕಿನ ಪೆಟ್ಟಿಗೆ, ಒಳಗೆ ದೋಣಿ ಕಟ್ಟುವವರು ತಿದ್ದಿದ ಅಲೆಅಲೆಯಾದ ಮರದ ಆಸನ, ಎದುರಿಗೆ ಗಾಜು. ಅಲ್ಲಿಗೆ ನಡೆದೇ ಹೋಗಬೇಕು. ಕಾಡಿನೊಳಗೆ ಕಾಲಿಡದೆ, ಬೆಚ್ಚಗೆ ಕೂತು, ಎದುರಿನ ಬೆಟ್ಟ ನೋಡಬಹುದು.

ಹೆಜ್ಜೆ 2: ಜಾಗವನ್ನು ಓದಿ, ಅವಸರ ಬೇಡ

ಒಂದು ಬಿಸಿಲಿನ ದಿನ ಹೋಗಿ ಫೋಟೋ ತೆಗೆದು ಬಂದರೆ ಅದು ಸೈಟ್ ಭೇಟಿ ಅಲ್ಲ, ಪಿಕ್ನಿಕ್. ಕನಿಷ್ಠ ಎರಡು ಋತುಗಳಲ್ಲಿ ಹೋಗಿ. ಜೋರು ಮಳೆಯ ದಿನ ನೀರು ಎಲ್ಲಿಂದ ಹರಿಯುತ್ತದೆ ನೋಡಿ. ಬೆಳಗಿನ ಜಾವ ಪ್ರಾಣಿಗಳ ಜಾಡು ನೋಡಿ. ರಾತ್ರಿ ಒಮ್ಮೆ ಟಾರ್ಚ್ ಆರಿಸಿ ನಿಂತುಕೊಳ್ಳಿ. ಆ ಕತ್ತಲು ಎಷ್ಟು ದಟ್ಟ ಅಂತ ಗೊತ್ತಾದರೆ ಮುಂದೆ ದೀಪದ ನಕ್ಷೆ ಬರೆಯುವಾಗ ಕೈ ಹಿಡಿತಕ್ಕೆ ಬರುತ್ತದೆ.

ಮಣ್ಣಿನ ಪರೀಕ್ಷೆಯಲ್ಲಿ ಜಿಪುಣತನ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಡೈನೋಸಾರ್ ರಾಷ್ಟ್ರೀಯ ಸ್ಮಾರಕದ ಕಟ್ಟಡ ಸಾಕ್ಷಿ. ಯೂಟಾದ ಆ ಜಾಗದಲ್ಲಿ ಬಂಡೆಯೊಳಗೆ ಹೂತಿರುವ ಡೈನೋಸಾರ್ ಎಲುಬುಗಳಿವೆ. ಎಲುಬಿನ ಬಂಡೆಯನ್ನೇ ಒಂದು ಗೋಡೆಯಾಗಿ ಬಳಸಿ, ಸುತ್ತ ಗಾಜು ಕೂರಿಸಿ 1958ರಲ್ಲಿ ಕಟ್ಟಡ ಮುಗಿಸಿದರು. ಕಲ್ಪನೆ ನಿಜಕ್ಕೂ ಅದ್ಭುತ. ಆದರೆ ಕೆಳಗಿದ್ದದ್ದು ಬೆಂಟೊನೈಟ್ ಇರುವ ಜೇಡಿ. ನೀರು ಕುಡಿದರೆ ಊದುತ್ತದೆ, ಒಣಗಿದರೆ ಕುಗ್ಗುತ್ತದೆ. ವರ್ಷ ವರ್ಷ ಊದಿ ಕುಗ್ಗಿ ಕಟ್ಟಡ ಸೊಟ್ಟಗಾಯಿತು, ಬಿರುಕು ಬಿಟ್ಟಿತು. 2001ರಲ್ಲಿ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತು ಅಂತ ಗೌರವ ಸಿಕ್ಕಿತು, 2006ರಲ್ಲಿ ಅಪಾಯ ಅಂತ ಬೀಗ ಬಿತ್ತು. ಪಾಯವನ್ನು ಬಂಡೆಯವರೆಗೆ ಇಳಿಸಿ ಮತ್ತೆ ತೆರೆದದ್ದು 2011ರಲ್ಲಿ. ನಿಮ್ಮ ಸೈಟಿನಲ್ಲಿ ಬೇಸಿಗೆಗೆ ಬಿರುಕು ಬಿಡುವ, ಮಳೆಗೆ ಅಂಟುವ ಮಣ್ಣು ಕಂಡರೆ ಅಲ್ಲೇ ನಿಲ್ಲಿ. ಮಣ್ಣಿನ ತಜ್ಞರ ವರದಿ ಬರುವವರೆಗೆ ಒಂದು ಗೆರೆಯೂ ಬೇಡ.

ಆಮೇಲೆ ಜನರ ಹತ್ತಿರ ಮಾತಾಡಿ. ಮೇಲಧಿಕಾರಿಗಿಂತ ಮೊದಲು ಕಸ ಎತ್ತುವವರು, ಟಾಯ್ಲೆಟ್ ತೊಳೆಯುವವರು, ಚಳಿಗಾಲದಲ್ಲಿ ಒಬ್ಬರೇ ಉಳಿಯುವ ರೇಂಜರ್. ಯಾವ ಬಾಗಿಲು ಗಾಳಿಗೆ ಬಡಿಯುತ್ತದೆ, ಯಾವ ಮೂಲೆಯಲ್ಲಿ ಹಿಮ ಗುಡ್ಡೆ ಬೀಳುತ್ತದೆ ಅನ್ನುವುದು ಅವರಿಗೆ ಬಾಯಿಪಾಠ.

ಆ ನೆಲದ ಮೂಲ ಜನರ ಮಾತಂತೂ ಇನ್ನೂ ಮುಖ್ಯ. ಆಸ್ಟ್ರೇಲಿಯಾದ ಉಲುರು-ಕಟ ಜುಟ ಉದ್ಯಾನದ ಸಾಂಸ್ಕೃತಿಕ ಕೇಂದ್ರವನ್ನು ವಾಸ್ತುಶಿಲ್ಪಿ ಗ್ರೆಗರಿ ಬರ್ಜೆಸ್ ತಮ್ಮ ಆಫೀಸಿನಲ್ಲಿ ಕೂತು ಬರೆಯಲಿಲ್ಲ. ಅಲ್ಲಿನ ಅನಂಗು ಜನ ಮರಳಿನ ಮೇಲೆ, ಬಟ್ಟೆಯ ಮೇಲೆ ಗೆರೆ ಎಳೆದು ತಮ್ಮ ಕಥೆ ಹೇಳಿದರು. ಕುನಿಯ, ಲಿರು ಅನ್ನುವ ಎರಡು ಹಾವುಗಳ ಕಥೆಯಿಂದ ಎರಡು ಬಾಗಿದ ಕಟ್ಟಡ ಹುಟ್ಟಿದವು. ಗೋಡೆಗೆ ಮಣ್ಣಿನ ಇಟ್ಟಿಗೆ. 1985ರಲ್ಲಿ ನೆಲ ಅನಂಗು ಜನರ ಕೈಗೆ ಮರಳಿತ್ತು. ಅದರ ಹತ್ತನೇ ವರ್ಷಕ್ಕೆ, 1995ರಲ್ಲಿ, ಕೇಂದ್ರ ತೆರೆಯಿತು.

ಹೆಜ್ಜೆ 3: ಎಲ್ಲಿ ಕೂರಿಸಬೇಕು

ನನ್ನ ಕೇಳಿದರೆ ಅರ್ಧ ಕೆಲಸ ಇದೇ. ಅತಿ ಚೆಂದದ ಜಾಗದಲ್ಲಿ ಕಟ್ಟಡ ಇಟ್ಟರೆ ಆ ಚೆಂದ ಅಲ್ಲಿಗೆ ಮುಗಿಯಿತು. ಚೆಂದದ ಜಾಗದಿಂದ ನೂರಿನ್ನೂರು ಹೆಜ್ಜೆ ಹಿಂದೆ, ಮೊದಲೇ ಯಾರೋ ತುಳಿದು ಹಾಳು ಮಾಡಿದ ನೆಲ ಇದೆಯಾ ನೋಡಿ. ಹಳೆಯ ಪಾರ್ಕಿಂಗ್, ಕೆಡವಿದ ಶೆಡ್ಡಿನ ಪಾಯ, ಕಲ್ಲು ತೆಗೆದ ಗುಂಡಿ. ಅಲ್ಲಿ ಕಟ್ಟಿದರೆ ಹೊಸದಾಗಿ ಏನೂ ಕೆಡುವುದಿಲ್ಲ.

ದೊಡ್ಡ ಹೆಸರು ತಪ್ಪು ಜಾಗವನ್ನು ಕಾಪಾಡುವುದಿಲ್ಲ ಅನ್ನುವುದಕ್ಕೆ ವಾಸ್ತುಶಿಲ್ಪಿ ರಿಚರ್ಡ್ ನೋಯ್ಟ್ರಾ ಉದಾಹರಣೆ. ಗೆಟ್ಟಿಸ್‌ಬರ್ಗ್ ರಣರಂಗದಲ್ಲಿ 1962ರಲ್ಲಿ ಅವರ ಕಟ್ಟಡ ತೆರೆಯಿತು. ಅಮೆರಿಕದ ಅಂತರ್ಯುದ್ಧದ, ನೋಡುವವರ ಸುತ್ತ ದುಂಡಗೆ ಹಬ್ಬುವ ದೊಡ್ಡ ವರ್ಣಚಿತ್ರವೊಂದನ್ನು ತೋರಿಸಲು ಮಾಡಿದ ಕಟ್ಟಡ ಅದು. ಆದರೆ ಅದನ್ನು ಕಟ್ಟಿದ್ದು ಸೈನಿಕರು ನಿಂತು ಹೋರಾಡಿದ ಸಾಲಿನ ಮೇಲೇ. ರಣರಂಗ ಹಿಂದೆ ಹೇಗಿತ್ತೋ ಹಾಗೇ ಕಾಣಬೇಕು ಅಂತ ಉದ್ಯಾನದವರು ತೀರ್ಮಾನಿಸಿದಾಗ ಕಟ್ಟಡ ಉಳಿಸಲು ವರ್ಷಗಟ್ಟಲೆ ವಾದ ನಡೆಯಿತು. ಕೊನೆಗೆ 2013ರಲ್ಲಿ ಕೆಡವಿದರು. ಕಟ್ಟಡ ಚೆನ್ನಾಗಿತ್ತೋ ಇಲ್ಲವೋ, ಆ ಜಗಳ ಬೇರೆ. ಜಾಗ ಮಾತ್ರ ತಪ್ಪಾಗಿತ್ತು.

ಪರೀಕ್ಷೆ ಮಾಡುವ ವಿಧಾನ ಸುಲಭ. ಕಟ್ಟಡದ ನಾಲ್ಕು ಮೂಲೆಗೆ, ಚಾವಣಿಯ ನೆತ್ತಿಯಷ್ಟು ಎತ್ತರಕ್ಕೆ, ಬಣ್ಣದ ಬಾವುಟ ಕಟ್ಟಿದ ಗಳು ನೆಡಿ. ಆಮೇಲೆ ಕಾಲುಹಾದಿ, ಎದುರಿನ ಗುಡ್ಡ, ರಸ್ತೆಯ ತಿರುವು ಎಲ್ಲ ಕಡೆಯಿಂದ ನೋಡಿ. ಬಾವುಟ ಬೆಟ್ಟದ ಅಂಚನ್ನು ದಾಟಿ ಆಕಾಶದಲ್ಲಿ ಕಂಡರೆ ಕಟ್ಟಡವನ್ನು ಕೆಳಗಿಳಿಸಿ, ಇಲ್ಲವೇ ಹಿಂದೆ ಸರಿಸಿ. ಕಂಪ್ಯೂಟರ್ ಚಿತ್ರದಲ್ಲಿ ಎಲ್ಲ ಕಟ್ಟಡವೂ ಸುಂದರವೇ. ಗಳುಗಳು ಸುಳ್ಳು ಹೇಳುವುದಿಲ್ಲ.

ಗ್ರ್ಯಾಂಡ್ ಕ್ಯಾನ್ಯನ್‌ನ ಅಂಚಿನಲ್ಲಿರುವ ಲುಕ್‌ಔಟ್ ಸ್ಟುಡಿಯೋ ನೋಡಿ. 1914ರ ಕಟ್ಟಡ, ಮೇರಿ ಕೋಲ್ಟರ್ ಅವರ ವಿನ್ಯಾಸ. ಇದು ಹಿಂದೆ ಸರಿದಿಲ್ಲ, ಅಂಚಿನಲ್ಲೇ ಕೂತಿದೆ. ಆದರೂ ದೂರದಿಂದ ನೋಡಿದರೆ ಬಂಡೆ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಅಂತ ಗುರುತಿಸಲು ಕಣ್ಣು ಕಿರಿದು ಮಾಡಬೇಕು. ನಿಯಮ ಮುರಿಯಲು ಅಷ್ಟು ಕೈಚಳಕ ಬೇಕು.

ಹೆಜ್ಜೆ 4: ಆಕಾರ ಮತ್ತು ಸಾಮಾನು

ಕೋಲ್ಟರ್ ಹೆಸರು ಬಂತಲ್ಲ, ಅಲ್ಲೇ ಸ್ವಲ್ಪ ನಿಲ್ಲೋಣ. ಹೆಂಗಸರು ವಾಸ್ತುಶಿಲ್ಪಿಗಳಾಗುವುದೇ ಅಪರೂಪವಾಗಿದ್ದ ಕಾಲದಲ್ಲಿ, 1905ರ ಹೋಪಿ ಹೌಸ್‌ನಿಂದ 1935ರ ಬ್ರೈಟ್ ಏಂಜಲ್ ಲಾಡ್ಜ್‌ವರೆಗೆ, ಒಂದೇ ಕಣಿವೆಗೆ ಮೂವತ್ತು ವರ್ಷ ಕಟ್ಟಡ ಕೊಟ್ಟವರು ಅವರು. ಅವರು ಕೆಲಸ ಮಾಡಿದ ರೀತಿಯೇ ಒಂದು ಪಾಠಪಟ್ಟಿ.

1932ರ ಡೆಸರ್ಟ್ ವ್ಯೂ ಗೋಪುರವನ್ನೇ ತೆಗೆದುಕೊಳ್ಳಿ. 70 ಅಡಿ ಎತ್ತರ. ಮೊದಲು ಅವರು ಆ ಪ್ರದೇಶದ ಪ್ಯೂಬ್ಲೊ ಜನರ ಪೂರ್ವಜರು ಬಿಟ್ಟುಹೋದ ಕಲ್ಲಿನ ಗೋಪುರಗಳನ್ನು ಹುಡುಕಿಕೊಂಡು ಹೋಗಿ ನೋಡಿದರು. ಆಮೇಲೆ ಜೇಡಿಯಲ್ಲಿ ಮಾದರಿ ಮಾಡಿದರು. ಒಳಗೆ ಉಕ್ಕಿನ ಚೌಕಟ್ಟು ಇದೆ, ಹೊರಗೆ ಒರಟು ಕಲ್ಲು. ಒಳಗೋಡೆಯ ಚಿತ್ರಗಳಿಗೆ ಹೋಪಿ ಕಲಾವಿದ ಫ್ರೆಡ್ ಕಬೋಟಿಯನ್ನೇ ಕರೆದರು. ಬ್ರೈಟ್ ಏಂಜಲ್ ಲಾಡ್ಜ್‌ನಲ್ಲಿ ಒಂದು ಅಗ್ಗಿಷ್ಟಿಕೆ ಇದೆ. ಕಣಿವೆಯ ತಳದ ಕಲ್ಲು ಕೆಳಗೆ, ಅಂಚಿನ ಕಲ್ಲು ಮೇಲೆ, ನಡುವಿನ ಪದರಗಳು ಭೂಮಿಯಲ್ಲಿ ಇರುವ ಕ್ರಮದಲ್ಲೇ. ಉದ್ಯಾನದ ಪ್ರಕೃತಿ ತಜ್ಞ ಎಡ್ವಿನ್ ಮೆಕೀ ಕ್ರಮ ಹೇಳಿಕೊಟ್ಟರು. ಚಳಿ ಕಾಯಿಸುತ್ತಾ ನಿಂತವರು ಇಡೀ ಕಣಿವೆಯನ್ನು ಓದಬಹುದು. ಇದಕ್ಕಿಂತ ಒಳ್ಳೆಯ ಮಾಹಿತಿ ಫಲಕ ನಾನು ಕಂಡಿಲ್ಲ.

ಈ ಪಾಠವನ್ನು ನಿಮ್ಮ ಮೇಜಿಗೆ ತರುವುದು ಹೇಗೆ? ಮೊದಲು ಅಳತೆ. ಬೃಹತ್ ಮರ, ಬೃಹತ್ ಬಂಡೆಗಳ ನಡುವೆ ತೆಳ್ಳನೆಯ ಕಂಬ, ಸಣ್ಣ ಸಣ್ಣ ಕಲ್ಲು ಇಟ್ಟರೆ ಆಟಿಕೆ ಮನೆಯಂತೆ ಕಾಣುತ್ತದೆ. 1920ರ ದಶಕದಲ್ಲಿ ಯೊಸೆಮಿಟಿ, ಯೆಲ್ಲೋಸ್ಟೋನ್‌ಗಳಲ್ಲಿ ಸಣ್ಣ ವಸ್ತುಸಂಗ್ರಹಾಲಯಗಳನ್ನು ಮಾಡಿದ ಹರ್ಬರ್ಟ್ ಮೇಯರ್ ಇದನ್ನು ಚೆನ್ನಾಗಿ ಅರಿತಿದ್ದರು. ಬುಡದಲ್ಲಿ ದೊಡ್ಡ ಬಂಡೆ, ನೆಲಕ್ಕೆ ತಗ್ಗಿ ಕೂತ ಚಾವಣಿ, ಕಡ್ಡಿಯಂತೆ ನೇರವಲ್ಲದ ಗೆರೆ. ಕಟ್ಟಡ ನೆಲದಿಂದ ಮೊಳೆತ ಹಾಗೆ ಕಾಣುತ್ತದೆ. ಕಲ್ಲು ಕಟ್ಟುವಾಗ ಮೇಸ್ತ್ರಿಗೆ ಹೇಳಿ: ಬಂಡೆ ನೆಲದಲ್ಲಿ ಹೇಗೆ ಮಲಗಿತ್ತೋ ಹಾಗೇ ಗೋಡೆಯಲ್ಲೂ ಮಲಗಲಿ, ಪಾಚಿ ಕಟ್ಟಿದ ಮುಖ ಹೊರಗಿರಲಿ, ಗಾರೆ ಒಳಕ್ಕೆ ಸರಿದಿರಲಿ. ಗೋಡೆ ಕಟ್ಟುವ ಮೊದಲು ನಾಲ್ಕಡಿ ಉದ್ದದ ಮಾದರಿ ಗೋಡೆ ಕಟ್ಟಿಸಿ. ಅದನ್ನು ಒಪ್ಪಿದ ಮೇಲೆ ಕೆಲಸ ಮುಗಿಯುವವರೆಗೂ ಅಲ್ಲೇ ಬಿಡಿ. ಜಗಳ ಬಂದಾಗ ಅದೇ ಸಾಕ್ಷಿ.

ಸಾಮಾನು ಹತ್ತಿರದ್ದೇ ಆಗಲಿ ಅಂದರೆ ಉದ್ಯಾನದ ಒಳಗಿನ ಮರ ಕಡಿಯಿರಿ ಅಂತ ಅರ್ಥವಲ್ಲ. 1903–04ರ ಚಳಿಗಾಲದಲ್ಲಿ ರಾಬರ್ಟ್ ರೀಮರ್ ಓಲ್ಡ್ ಫೇತ್‌ಫುಲ್ ಇನ್ ಅನ್ನುವ ಹೋಟೆಲ್ ಕಟ್ಟಿದಾಗ ಯೆಲ್ಲೋಸ್ಟೋನ್‌ನ ಮರ, ಯೆಲ್ಲೋಸ್ಟೋನ್‌ನ ಕಲ್ಲನ್ನೇ ಬಳಸಿದರು. 76 ಅಡಿ ಎತ್ತರದ ಆ ಮರದ ಹಜಾರ ನೋಡಿದವರ ಕತ್ತು ನೋಯುತ್ತದೆ. ಇಂದು ಹಾಗೆ ಮಾಡಲು ಹೊರಟರೆ ಯಾರೂ ಒಪ್ಪುವುದಿಲ್ಲ, ಒಪ್ಪಲೂ ಬಾರದು. ಅದೇ ಬಗೆಯ ಕಲ್ಲು, ಅದೇ ಬಣ್ಣದ ಮಣ್ಣು ಗಡಿಯ ಹೊರಗೆ ಸಿಗುತ್ತದೆ.

ದಕ್ಷಿಣ ಆಫ್ರಿಕಾದ ಮಾಪುಂಗುಬ್ವೆ ಉದ್ಯಾನದಲ್ಲಿ ಪೀಟರ್ ರಿಚ್ ಅವರು ಮಾಡಿದ ಕೇಂದ್ರ ನನಗೆ ಬಹಳ ಇಷ್ಟ. ಅಲ್ಲಿನ ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ, ಅಚ್ಚಿನಲ್ಲಿ ಒತ್ತಿ, ತೆಳು ಬಿಲ್ಲೆ ಮಾಡಿದರು. ಅದನ್ನು ಮಾಡಿದ್ದು, ಕಮಾನು ಕಟ್ಟಿದ್ದು ಅಲ್ಲಿನ ಊರಿನವರೇ, ತರಬೇತಿ ಪಡೆದು. ಆ ತೆಳು ಕಮಾನುಗಳಿಗೆ ಉಕ್ಕು ಹೆಚ್ಚು ಬೇಡ, ಸೆಂಟ್ರಿಂಗ್ ಹೆಚ್ಚು ಬೇಡ. ಮೇಲೆ ಕಲ್ಲು ಹೊದಿಸಿದರು. 2009ರ ವಿಶ್ವ ವಾಸ್ತುಶಿಲ್ಪ ಉತ್ಸವದಲ್ಲಿ ವರ್ಷದ ಕಟ್ಟಡ ಪ್ರಶಸ್ತಿ ಸಿಕ್ಕಿತು. ಹಣ ಸಾಮಾನಿಗೆ ಹೋಗುವ ಬದಲು ಕೂಲಿಯಾಗಿ ಅಕ್ಕಪಕ್ಕದ ಮನೆಗಳಿಗೆ ಹೋಯಿತು ಅನ್ನುವುದು ನನಗೆ ಪ್ರಶಸ್ತಿಗಿಂತ ದೊಡ್ಡದಾಗಿ ಕಾಣುತ್ತದೆ.

ಇನ್ನು ನಕಲಿ ಸಾಮಾನಿನ ಪ್ರಶ್ನೆ. ಯೊಸೆಮಿಟಿಯ ಅವಾನಿ ಹೋಟೆಲಿನ (1927) ಹೊರಗಿನ ಮರದ ತೊಲೆ, ಹಲಗೆಗಳನ್ನು ಮುಟ್ಟಿ ನೋಡಿದರೆ ಅದು ಕಾಂಕ್ರೀಟ್. ಒರಟು ಹಲಗೆಯ ಅಚ್ಚಿನಲ್ಲಿ ಸುರಿದು, ರೆಡ್‌ವುಡ್ ಬಣ್ಣ ಹಚ್ಚಿದ್ದಾರೆ. ವಿನ್ಯಾಸಕ ಗಿಲ್ಬರ್ಟ್ ಸ್ಟ್ಯಾನ್ಲಿ ಅಂಡರ್‌ವುಡ್ ಇದನ್ನು ಮಾಡಿದ್ದು ಬೆಂಕಿಗೆ ಹೆದರಿ. ಸುಳ್ಳು ಹೌದು, ಆದರೆ ಕಾರಣ ಇರುವ ಸುಳ್ಳು. ಕಾರಣವಿಲ್ಲದೆ ಸುಮ್ನೆ ಸಿಮೆಂಟಿನ ಮರದ ದಿಮ್ಮಿ ಮಾಡಿ ಬೇಲಿ ಹಾಕುವುದನ್ನು ಮಾತ್ರ ದಯವಿಟ್ಟು ಬಿಡಿ.

ಹೆಜ್ಜೆ 5: ಚಾವಣಿ, ಹಿಮ, ಬೆಂಕಿ

ಚಾವಣಿಯ ಇಳಿಜಾರನ್ನು ತೀರ್ಮಾನಿಸುವುದು ನಿಮ್ಮ ಅಭಿರುಚಿ ಅಲ್ಲ, ಮೇಲಿಂದ ಬೀಳುವ ನೀರು ಮತ್ತು ಹಿಮ. ಮೌಂಟ್ ರೈನಿಯರ್‌ನ ಪ್ಯಾರಡೈಸ್ ಅನ್ನುವ ಜಾಗದಲ್ಲಿ 1971–72ರ ಒಂದೇ ಚಳಿಗಾಲಕ್ಕೆ 28 ಮೀಟರ್‌ಗೂ ಜಾಸ್ತಿ ಹಿಮ ಬಿದ್ದಿತ್ತು. ಅಂಥ ಕಡೆ 1966ರಲ್ಲಿ ಹಾರುವ ತಟ್ಟೆಯಂಥ ದುಂಡನೆಯ ಸಂದರ್ಶಕರ ಕೇಂದ್ರ ಕಟ್ಟಿದರು. ಹಿಮ ತಾನಾಗಿ ಜಾರುವುದಿಲ್ಲ, ಹಾಗಾಗಿ ಇಂಧನ ಸುಟ್ಟು ಚಾವಣಿ ಬಿಸಿ ಮಾಡಿ ಕರಗಿಸಬೇಕಿತ್ತು. ನಲವತ್ತು ವರ್ಷ ಹೀಗೇ ನಡೆಯಿತು. 2008ರಲ್ಲಿ ಕಡಿದಾದ ಚಾವಣಿಯ ಹೊಸ ಕಟ್ಟಡ ಬಂತು, ಹಳೆಯದನ್ನು ಕೆಡವಿದರು. ಕಡಿದಾದ ಚಾವಣಿ ಹಾಕುವಾಗ ಒಂದು ಎಚ್ಚರ: ಜಾರಿದ ಹಿಮ ಎಲ್ಲಿ ಬೀಳುತ್ತದೆ? ಅಲ್ಲಿ ಬಾಗಿಲು ಇರಬಾರದು. ಸಣ್ಣ ಮಾತು ಅನ್ನಿಸಬಹುದು. ತಲೆಯ ಮೇಲೆ ಬಿದ್ದಾಗ ಸಣ್ಣದಲ್ಲ.

ಕ್ರೇಟರ್ ಲೇಕ್ ಲಾಡ್ಜ್‌ನ ಕಥೆಯೂ ಇದೇ. 1915ರಲ್ಲಿ ಅವಸರದಲ್ಲಿ, ದುಡ್ಡು ಉಳಿಸಿಕೊಂಡು ಕಟ್ಟಿ ತೆರೆದರು. ವರ್ಷ ವರ್ಷ ಹಿಮದ ಭಾರಕ್ಕೆ ಗೋಡೆ ಬಾಗಿತು, ತೊಲೆಗಳಿಗೆ ಆಸರೆಗಂಬ ಕೊಡಬೇಕಾಯಿತು. 1989ರಲ್ಲಿ ಮುಚ್ಚಿ, ಬಹುಪಾಲು ಹೊಸದಾಗಿ ಕಟ್ಟಿ, 1995ರಲ್ಲಿ ತೆರೆದರು.

ಬೆಂಕಿ ಬೇರೆಯೇ ವಿಷಯ. ಗ್ರ್ಯಾಂಡ್ ಕ್ಯಾನ್ಯನ್‌ನ ಉತ್ತರ ಅಂಚಿನಲ್ಲಿ ಅಂಡರ್‌ವುಡ್ ಅವರೇ 1928ರಲ್ಲಿ ಮಾಡಿದ ಲಾಡ್ಜ್ 1932ರಲ್ಲಿ ಸುಟ್ಟಿತು. ಮತ್ತೆ ಕಟ್ಟಿದ್ದು 2025ರ ಜುಲೈನಲ್ಲಿ ಕಾಡ್ಗಿಚ್ಚಿಗೆ ಹೋಯಿತು. ಕಾಡ್ಗಿಚ್ಚಿನಲ್ಲಿ ಕಟ್ಟಡಕ್ಕೆ ಬೆಂಕಿ ಹತ್ತಿಸುವುದು ಹೆಚ್ಚಾಗಿ ಎದುರಿನ ಜ್ವಾಲೆ ಅಲ್ಲ, ಗಾಳಿಯಲ್ಲಿ ಬಹಳ ದೂರ ಹಾರಿಬರುವ ಕಿಡಿ. ಅದು ಸೂರಿನಂಚಿನ ಸಂದಿಗೆ, ಚಾವಣಿಯ ನೀರು ಹರಿಯುವ, ಒಣ ಎಲೆ ತುಂಬಿದ ದೋಣಿಗೆ, ಗಾಳಿಕಿಂಡಿಗೆ ನುಗ್ಗುತ್ತದೆ. ಆದ್ದರಿಂದ ಗಾಳಿಕಿಂಡಿಗೆ 3 ಮಿಲಿಮೀಟರ್ ಕಣ್ಣಿನ ಲೋಹದ ಜಾಲರಿ ಹಾಕಿ. ಗೋಡೆಯ ಸುತ್ತ ಒಂದೂವರೆ ಮೀಟರ್ ಜಲ್ಲಿ ಅಥವಾ ಕಲ್ಲು ಹಾಸಿ, ಗಿಡ ಬೇಡ. ಸೌದೆ ಗೋಡೆಗೆ ಒರಗಿಸುವ ಜಾಗವನ್ನು ನಕ್ಷೆಯಲ್ಲೇ ದೂರ ತೋರಿಸಿ, ಇಲ್ಲದಿದ್ದರೆ ಸಿಬ್ಬಂದಿ ಬಾಗಿಲ ಪಕ್ಕದಲ್ಲೇ ಜೋಡಿಸುತ್ತಾರೆ. 1988ರ ದೊಡ್ಡ ಬೆಂಕಿಯಲ್ಲಿ ಓಲ್ಡ್ ಫೇತ್‌ಫುಲ್ ಇನ್ ಉಳಿದುಕೊಂಡಿತು. ಅಗ್ನಿಶಾಮಕರ ಶ್ರಮ, ಚಾವಣಿಯ ಮೇಲೆ ನೀರು ಚಿಮ್ಮಿಸುವ ಏರ್ಪಾಡು, ಜೊತೆಗೆ ಗಾಳಿಯ ದಯೆ, ಮೂರೂ ಸೇರಿದ್ದವು.

ಹೆಜ್ಜೆ 6: ಅಲ್ಲಿ ಮೊದಲೇ ಇರುವವರಿಗೆ

ಅಂದರೆ ಪ್ರಾಣಿಗಳಿಗೆ.

ಹಕ್ಕಿಗೆ ಗಾಜು ಕಾಣುವುದಿಲ್ಲ. ಅದರಲ್ಲಿ ಕಾಣುವ ಆಕಾಶವನ್ನೇ ನಿಜ ಅಂದುಕೊಂಡು ಬಂದು ಅಪ್ಪಳಿಸುತ್ತದೆ. ಗಿಡುಗನ ಚಿತ್ರ ಒಂದೆರಡು ಅಂಟಿಸಿದರೆ ಉಪಯೋಗ ಇಲ್ಲ. ಗಾಜಿನ ಹೊರಮೈ ತುಂಬ ಚುಕ್ಕಿ ಅಥವಾ ಗೆರೆ ಬೇಕು, ನಡುವಿನ ಅಂತರ 5 ಸೆಂಟಿಮೀಟರ್ ದಾಟಬಾರದು. ಮೂಲೆಯಲ್ಲಿ ಗಾಜಿಗೆ ಗಾಜು ಕೂಡಿಸಿ ಆರಪಾರ ಕಾಣುವಂತೆ ಮಾಡುವುದು ಫೋಟೋಗೆ ಚೆಂದ, ಹಕ್ಕಿಗೆ ಸಾವು.

ದೀಪಗಳಿಗೆ ಮೇಲೆ ಮುಚ್ಚಳ ಇರಲಿ, ಬೆಳಕು ಕೆಳಗೆ ಮಾತ್ರ ಬೀಳಲಿ, ಬಣ್ಣ ಬೆಚ್ಚನೆಯ ಹಳದಿ ಇರಲಿ, ಯಾರೂ ಇಲ್ಲದಾಗ ತಾನೇ ಆರಲಿ.

ಕರಡಿ ಇರುವ ಕಡೆ ಬಾಗಿಲ ಹಿಡಿ ಒಂದು ಒಗಟು. ಕೆಳಗೆ ಒತ್ತಿದರೆ ತೆರೆಯುವ ಉದ್ದ ಹಿಡಿಯನ್ನು ಕರಡಿ ಪಂಜದಿಂದ ಸಲೀಸಾಗಿ ಒತ್ತುತ್ತದೆ. ದುಂಡು ಹಿಡಿ ಹಾಕಿದರೆ ಕರಡಿಗೆ ಕಷ್ಟ, ಆದರೆ ಕೈಯಲ್ಲಿ ಬಲವಿಲ್ಲದ ಮನುಷ್ಯರಿಗೂ ಕಷ್ಟ, ಮತ್ತು ಪ್ರವೇಶ ನಿಯಮ ಅದನ್ನು ಒಪ್ಪುವುದಿಲ್ಲ. ಸಾರ್ವಜನಿಕರ ಬಾಗಿಲಿಗೆ ಉದ್ದ ಹಿಡಿಯೇ ಇರಲಿ, ಕತ್ತಲಾದ ಮೇಲೆ ಗಟ್ಟಿ ಬೀಗ ಬೀಳಲಿ. ಕಸ, ಊಟದ ಸಾಮಾನು ಇಡುವ ಕೋಣೆಗೆ ಲೋಹದ ಬಾಗಿಲು, ಹೊರಗಿನಿಂದ ಬೀಗದ ಕೈ ಮಾತ್ರ.

ಕರಡಿಗಿಂತ ನನಗೆ ಇಲಿಯ ಭಯ ಜಾಸ್ತಿ. 2012ರಲ್ಲಿ ಯೊಸೆಮಿಟಿಯಲ್ಲಿ ಚಳಿ ತಡೆಯಲಿ ಅಂತ ಎರಡು ಪದರದ ಗೋಡೆ ಇರುವ ಟೆಂಟ್ ಕೋಣೆಗಳಿದ್ದವು. ಆ ಪದರಗಳ ನಡುವೆ ಇಲಿ ಗೂಡು ಮಾಡಿತು. ಅದರಿಂದ ಹ್ಯಾಂಟಾವೈರಸ್ ಹರಡಿ ಉದ್ಯಾನಕ್ಕೆ ಬಂದ 10 ಜನ ಕಾಯಿಲೆ ಬಿದ್ದರು, 3 ಜನ ಸತ್ತರು. ಒಂದು ಟೊಳ್ಳು ಗೋಡೆಯ ಬೆಲೆ ಅದು. 6 ಮಿಲಿಮೀಟರ್‌ಗಿಂತ ದೊಡ್ಡ ಸಂದು ಎಲ್ಲೂ ಬಿಡಬೇಡಿ, ಪೈಪ್ ಗೋಡೆ ದಾಟುವ ಕಡೆಯಂತೂ ಬಿಡಲೇಬೇಡಿ.

ಹೆಜ್ಜೆ 7: ಟಾಯ್ಲೆಟ್

ಈ ಕ್ಷೇತ್ರಕ್ಕೆ ಬರುವ ಹೊಸಬರಿಗೆ ಮೊದಲು ಸಿಗುವ ಕೆಲಸ ಬಹುಶಃ ಇದೇ. ಬೇಜಾರು ಬೇಡ. ನೀರಿಲ್ಲದ, ಕರೆಂಟಿಲ್ಲದ ಕಡೆ ನಾತ ಬಾರದ ಟಾಯ್ಲೆಟ್ ಮಾಡುವುದು ನಿಜವಾದ ವಿನ್ಯಾಸದ ಪರೀಕ್ಷೆ.

ಕೆಳಗೆ ಸೋರದ ಗುಂಡಿ, ಮೇಲೆ ಕೋಣೆ, ಗುಂಡಿಯಿಂದ ಚಾವಣಿ ದಾಟಿ ಹೋಗುವ ದಪ್ಪ ಪೈಪ್. ಗುಟ್ಟು ಇರುವುದು ಗಾಳಿಯ ದಾರಿಯಲ್ಲಿ. ಗಾಳಿ ಕೋಣೆಯ ಕೆಳಗಿನ ಕಿಂಡಿಯಿಂದ ಒಳಬರಬೇಕು, ಕೂರುವ ಜಾಗದ ಮೂಲಕ ಗುಂಡಿಗೆ ಇಳಿಯಬೇಕು, ಪೈಪಿನಿಂದ ಮೇಲೆ ಹೋಗಬೇಕು. ಹಾಗಾದರೆ ನಾತ ಕೋಣೆಗೆ ಬರುವುದೇ ಇಲ್ಲ. ಪೈಪಿಗೆ ಕಪ್ಪು ಬಣ್ಣ ಹಚ್ಚಿ, ಬಿಸಿಲು ಬೀಳುವ ಕಡೆ ಇಡಿ. ಭೂಮಿಯ ಉತ್ತರಾರ್ಧದಲ್ಲಿ ಅದು ದಕ್ಷಿಣದ ಗೋಡೆ. ಪೈಪ್ ಕಾದರೆ ಒಳಗಿನ ಗಾಳಿ ಹಗುರಾಗಿ ಏರುತ್ತದೆ, ಕೆಳಗಿನದನ್ನು ಎಳೆಯುತ್ತದೆ. ಅಗಲ ಸುಮಾರು 30 ಸೆಂಟಿಮೀಟರ್ ಇರಲಿ, ಚಾವಣಿಯ ನೆತ್ತಿಗಿಂತ ಮೂರಡಿಯಾದರೂ ಮೇಲೆ ಹೋಗಲಿ, ನಡುವೆ ಎಲ್ಲೂ ಬಾಗು ಬೇಡ.

ಒಳಬರುವ ಕಿಂಡಿ ಗಾಳಿ ಬೀಸಿಬರುವ ದಿಕ್ಕಿಗಿರಬೇಕು. ಎದುರು ಗೋಡೆಯಲ್ಲಿ ಚೆಂದಕ್ಕೆ ಅಂತ ಇನ್ನೊಂದು ಕಿಟಕಿ ಇಟ್ಟರೆ ಅದು ಕೋಣೆಯ ಗಾಳಿಯನ್ನು ಹೊರಗೆಳೆಯುತ್ತದೆ, ಆಗ ಗುಂಡಿಯ ಗಾಳಿ ಕೋಣೆಗೆ ಏರುತ್ತದೆ. ಅಷ್ಟು ದಿನದ ಶ್ರಮ ಒಂದು ಕಿಟಕಿಯಿಂದ ಹಾಳು. ದಟ್ಟ ಮರದ ಕೆಳಗೆ, ಬಂಡೆಯ ಮರೆಯಲ್ಲಿ ಕೂರಿಸುವುದೂ ತಪ್ಪು. ಕಾಣದಂತೆ ಬಚ್ಚಿಡಲು ಹೋಗಿ ಬಿಸಿಲು, ಗಾಳಿ ಎರಡನ್ನೂ ಕಳೆದುಕೊಳ್ಳುತ್ತೀರಿ. ಆಮೇಲೆ ಕಣ್ಣಿಗೆ ಕಾಣದಿದ್ದರೂ ಮೂಗಿಗೆ ದಾರಿ ಗೊತ್ತಾಗುತ್ತದೆ.

ಇನ್ನೊಂದು ವಿಷಯ ನನಗೂ ತಡವಾಗಿ ಗೊತ್ತಾಯಿತು. ಪೊಟರೆಯಲ್ಲಿ ಗೂಡು ಮಾಡುವ ಗೂಬೆಗೆ ಆ ಕಪ್ಪು ಪೈಪು ಮರದ ಪೊಟರೆಯಂತೆ ಕಾಣುತ್ತದೆ. ಒಳಗಿಳಿದರೆ ನುಣುಪು ಗೋಡೆ, ಹತ್ತಲು ಆಗುವುದಿಲ್ಲ. ಗುಂಡಿಯಲ್ಲೇ ಸಾಯುತ್ತದೆ. ಪೈಪಿನ ಬಾಯಿಗೆ ಸ್ವಲ್ಪ ಎತ್ತರಿಸಿದ ಲೋಹದ ಜಾಲರಿ ಹಾಕಿದರೆ ಮುಗಿಯಿತು. ಪೈಪಿನ ಬಾಯಿಗೇ ಒತ್ತಿ ಕೂರಿಸಬೇಡಿ, ಎಲೆ ಮತ್ತು ಹಿಮ ಕಟ್ಟಿಕೊಂಡು ಗಾಳಿ ನಿಲ್ಲುತ್ತದೆ.

ಗುಂಡಿ ಖಾಲಿ ಮಾಡುವ ಲಾರಿ ಎಷ್ಟು ಹತ್ತಿರ ಬರಬಹುದು ಅನ್ನುವುದನ್ನೂ ಈಗಲೇ ನೋಡಿ. ಲಾರಿಯ ಕೊಳವೆ ಮುಟ್ಟದ ಟಾಯ್ಲೆಟ್ ಎರಡನೇ ವರ್ಷಕ್ಕೆ ಬೀಗ ಹಾಕಿಸಿಕೊಳ್ಳುತ್ತದೆ.

ಹೆಜ್ಜೆ 8: ಬಿಸಿ, ತಂಪು, ಗಾಲಿಕುರ್ಚಿ

ಯಂತ್ರ ಕಮ್ಮಿ ಇದ್ದಷ್ಟೂ ಒಳ್ಳೆಯದು. ಕೆಟ್ಟರೆ ರಿಪೇರಿಯವರು ಬರಲು ವಾರ ಹಿಡಿಯಬಹುದು. ಜಯಾನ್‌ನ ಆ ಕೇಂದ್ರದಲ್ಲಿ ಎತ್ತರದ ಗೋಪುರಗಳ ತುದಿಯಲ್ಲಿ ಒದ್ದೆ ಹಾಸು ಇದೆ. ಒಣ ಗಾಳಿ ಅದನ್ನು ಹಾಯ್ದು ತಂಪಾಗಿ, ಭಾರವಾಗಿ, ತಾನೇ ಕೆಳಗಿಳಿದು ಕೋಣೆಗೆ ಬರುತ್ತದೆ. ಫ್ಯಾನ್ ಬೇಕಿಲ್ಲ. ಚಳಿಗಾಲಕ್ಕೆ ಗಾಜಿನ ಹಿಂದಿನ ಕಪ್ಪು ಗೋಡೆ ಹಗಲೆಲ್ಲ ಬಿಸಿಲು ಕುಡಿದು ನಿಧಾನಕ್ಕೆ ಒಳಗೆ ಬಿಡುತ್ತದೆ. ಇದು ಒಣ ಹವೆಯ ಉಪಾಯ ಅನ್ನುವುದು ನೆನಪಿರಲಿ. ಗಾಳಿಯಲ್ಲಿ ಮೊದಲೇ ತೇವ ಇದ್ದರೆ ಗೋಪುರ ಕೆಲಸ ಮಾಡುವುದಿಲ್ಲ.

ಗಾಲಿಕುರ್ಚಿಯ ದಾರಿಯನ್ನು ಕೊನೆಗೆ ಅಂಟಿಸಬೇಡಿ. 12 ಅಡಿ ಉದ್ದಕ್ಕೆ 1 ಅಡಿಗಿಂತ ಜಾಸ್ತಿ ಏರು ಇರಬಾರದು. ಹಾಗಾಗಿ ಕಟ್ಟಡದ ನೆಲ ಎಷ್ಟು ಎತ್ತರ ಅನ್ನುವುದನ್ನು ಪಾರ್ಕಿಂಗ್‌ನಿಂದ ಲೆಕ್ಕ ಹಾಕುತ್ತಾ ಬನ್ನಿ. ಎಲ್ಲರೂ ಒಂದೇ ಬಾಗಿಲಿನಿಂದ ಒಳಬರಲಿ. ಕಟಕಟೆಯ ಎತ್ತರವನ್ನು ಕೂತವರ ಕಣ್ಣಿನಿಂದ ಪರೀಕ್ಷಿಸಿ. ನಿಂತವರಿಗೆ ಕಣಿವೆ, ಕೂತವರಿಗೆ ಕಲ್ಲುಗೋಡೆ ಆಗಬಾರದು.

ಹೆಜ್ಜೆ 9: ಕಾಗದಪತ್ರ

ದೇಶಕ್ಕೊಂದು ಕಾನೂನು. ಅಮೆರಿಕದಲ್ಲಾದರೆ 1966ರ ಐತಿಹಾಸಿಕ ಸಂರಕ್ಷಣಾ ಕಾಯ್ದೆ, 1970ರ ಜನವರಿ 1ರಂದು ಸಹಿಯಾದ ಪರಿಸರ ನೀತಿ ಕಾಯ್ದೆ, ಎರಡನ್ನೂ ದಾಟಬೇಕು. ಸಾರ್ವಜನಿಕರ ಅಭಿಪ್ರಾಯ ಕೇಳಬೇಕು, ಬುಡಕಟ್ಟುಗಳ ಜೊತೆ ಸಮಾಲೋಚಿಸಬೇಕು. ಇದನ್ನು ಅಡ್ಡಿ ಅಂದುಕೊಂಡರೆ ಅಡ್ಡಿಯೇ. ಹೆಜ್ಜೆ 1 ಮತ್ತು 3ರಲ್ಲಿ ನೀವು ಯಾಕೆ ಹಾಗೆ ತೀರ್ಮಾನಿಸಿದಿರಿ ಅಂತ ಬರೆದಿಟ್ಟಿದ್ದರೆ ಅರ್ಧ ವರದಿ ಆಗಲೇ ತಯಾರಿರುತ್ತದೆ.

ಹೆಜ್ಜೆ 10: ಕಟ್ಟುವ ದಿನಗಳು

ಸಾಮಾನು ಹೇಗೆ ಬರುತ್ತದೆ ಅನ್ನುವುದೇ ವಿನ್ಯಾಸವನ್ನು ತಿದ್ದುತ್ತದೆ. ಕೋಲ್ಟರ್ 1922ರಲ್ಲಿ ಗ್ರ್ಯಾಂಡ್ ಕ್ಯಾನ್ಯನ್‌ನ ತಳದಲ್ಲಿ ಫ್ಯಾಂಟಮ್ ರಾಂಚ್ ಮಾಡಿದಾಗ ಕಲ್ಲು ಅಲ್ಲೇ ಸಿಕ್ಕಿತು, ಉಳಿದದ್ದೆಲ್ಲ ಹೇಸರಗತ್ತೆಯ ಬೆನ್ನೇರಿ ಇಳಿಯಿತು. ಹೇಸರಗತ್ತೆ ಹೊರಲಾಗದ ತೊಲೆ ಆ ನಕ್ಷೆಯಲ್ಲಿ ಇರಲು ಸಾಧ್ಯವೇ ಇಲ್ಲ. ನಿಮ್ಮ ದಾರಿಯಲ್ಲಿ ಅತಿ ಇಕ್ಕಟ್ಟಾದ ತಿರುವು ಯಾವುದು, ಅಲ್ಲಿ ಎಷ್ಟು ಉದ್ದದ ತೊಲೆ ತಿರುಗುತ್ತದೆ ಅಂತ ಅಳೆದು ಆಮೇಲೆ ಕೋಣೆಯ ಅಗಲ ತೀರ್ಮಾನಿಸಿ.

ಗುತ್ತಿಗೆ ಕರಾರಿನಲ್ಲಿ ಕೆಲವು ಮಾತು ಕಡ್ಡಾಯ ಬರೆಯಿಸಿ. ಒಳಬರುವ ಯಂತ್ರ, ಲಾರಿಯ ಚಕ್ರ ತೊಳೆದೇ ಬರಬೇಕು, ಇಲ್ಲದಿದ್ದರೆ ಹೊರಗಿನ ಕಳೆಯ ಬೀಜ ಜೊತೆಗೆ ಬರುತ್ತದೆ. ಮೇಲ್ಮಣ್ಣನ್ನು ಬೇರೆ ಗುಡ್ಡೆ ಹಾಕಿ, ಕೊನೆಗೆ ಅಲ್ಲೇ ಹರಡಬೇಕು. ಮರದ ಕೊಂಬೆ ಎಲ್ಲಿವರೆಗೆ ಹರಡಿದೆಯೋ ಅಲ್ಲಿವರೆಗೆ ಬೇಲಿ ಹಾಕಿ, ಬೇರಿನ ಮೇಲೆ ಲಾರಿ ನಿಲ್ಲಬಾರದು. ಹಕ್ಕಿ ಗೂಡು ಕಟ್ಟುವ ತಿಂಗಳಲ್ಲಿ ಗಿಡ ಕಡಿಯುವಂತಿಲ್ಲ. ಬೇಲಿಯ ಆಚೆ ಕಾಲಿಟ್ಟರೆ ದಂಡ ಅಂತ ಬರೆಯಿರಿ, ಮತ್ತು ಮೊದಲ ಸಲವೇ ಹಾಕಿ. ಎರಡನೇ ಸಲಕ್ಕೆ ಬಿಟ್ಟರೆ ಬೇಲಿಗೆ ಅರ್ಥ ಇರುವುದಿಲ್ಲ.

ಹೆಜ್ಜೆ 11: ಬೀಗದ ಕೈ ಕೊಡುವಾಗ

ಕಟ್ಟಡದ ಜೊತೆ ಒಂದು ತೆಳ್ಳನೆಯ ಪುಸ್ತಕ ಕೊಡಿ. ದಪ್ಪ ಕೈಪಿಡಿ ಯಾರೂ ತೆರೆಯುವುದಿಲ್ಲ. ಯಾವ ತಿಂಗಳು ದೋಣಿ ಗುಡಿಸಬೇಕು, ಯಾವ ವಾಲ್ವ್ ತಿರುಗಿಸಿದರೆ ಚಳಿಗಾಲಕ್ಕೆ ಮೊದಲು ಪೈಪ್ ಖಾಲಿಯಾಗುತ್ತದೆ, ಮರಕ್ಕೆ ಹಚ್ಚಿದ ಬಣ್ಣ ಯಾವುದು, ಕಲ್ಲು ಯಾವ ಕ್ವಾರಿಯದು. ಇಪ್ಪತ್ತು ಪುಟ ಸಾಕು. ಪ್ಲಾಸ್ಟಿಕ್ ಹೊದಿಸಿ ಉಪಕರಣದ ಕೋಣೆಯ ಬಾಗಿಲ ಹಿಂದೆ ತೂಗುಹಾಕಿ. ಹತ್ತಿಪ್ಪತ್ತು ಹೆಚ್ಚುವರಿ ಹಂಚು, ಹಲಗೆ ಅಲ್ಲೇ ಇಡಿ.

ಒಂದು ವರ್ಷ ಬಿಟ್ಟು ಹೋಗಿ ಬನ್ನಿ, ಸಾಧ್ಯವಾದರೆ ಮಳೆಯಲ್ಲಿ. ಎದುರಿನ ಗುಡ್ಡದಿಂದ ನೋಡಿ, ಕಟ್ಟಡ ಹುಡುಕಲು ಎಷ್ಟು ಹೊತ್ತು ಹಿಡಿಯಿತು ಅಂತ ಗಡಿಯಾರ ನೋಡಿಕೊಳ್ಳಿ. ಆಮೇಲೆ ಕೆಳಗಿಳಿದು ಟಾಯ್ಲೆಟ್ ತೊಳೆಯುವವರನ್ನು ಹುಡುಕಿ, ಏನು ತೊಂದರೆ ಅಂತ ಕೇಳಿ. ನೋಟ್‌ಬುಕ್ ಮರೆಯಬೇಡಿ, ಪಟ್ಟಿ ಉದ್ದವಿರುತ್ತದೆ.